ಎರಡು ಕಣ್ಣು, ಎರಡು ಬಿಳಿ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ರಫೂ ಅಕ್ಕ ಎಂದೇ ಕರೆಯುತ್ತಿದ್ದರು. ಹರಿದ ಬಟ್ಟೆಗೆ ಹೊಂದುವ ನೂಲು ಹುಡುಕಿ, ನೇಯ್ಗೆಯ ಹಾಸು ಯಾವುದು ಹೊಕ್ಕು ಯಾವುದು ಎಂದು ಬೆರಳಲ್ಲೇ ತಡವಿ ನೋಡಿ, ಅಲ್ಲೊಂದು ತೂತಿತ್ತು ಎಂಬುದೇ ತಿಳಿಯದ ಹಾಗೆ ಸೂಜಿಯಿಂದ ಮತ್ತೆ ನೇಯ್ದು ಕೊಡುವುದು ಅವಳ ಕಸುಬು. ಹೊಸ ಬಟ್ಟೆ ಹೊಲಿಸಲು ಯಾರಾದರೂ ಬಂದರೆ, "ಅದಕ್ಕೆಲ್ಲ ಎದುರುಗಡೆ ಟೈಲರ್ ಇದಾನಲ್ಲ, ಅಲ್ಲಿಗೆ ಹೋಗಿ. ಹರಿದ ಮೇಲೆ ನನ್ನ ಹತ್ರ ಬನ್ನಿ" ಎನ್ನುತ್ತಿದ್ದಳು. ಟೈಲರನಿಗೂ ಇದರಿಂದ ಬೇಜಾರಿರಲಿಲ್ಲ.

ಕಸುಬು ಕಲಿಸಿದವಳು ಅವಳ ಅತ್ತೆ. ಅತ್ತೆ ಮಾತು ಕಡಿಮೆಯ ಹೆಂಗಸು. ಸೊಸೆ ಹಾಕಿದ ರಫೂವನ್ನು ಬೆಳಕಿಗೆ ಹಿಡಿದು ನೋಡಿ, ಕಂಡರೆ ಒಂದೂ ಮಾತಾಡದೆ ಬಿಚ್ಚಿಹಾಕುತ್ತಿದ್ದಳು. ಕಾಣದಿದ್ದರೆ "ಹೂಂ" ಎನ್ನುತ್ತಿದ್ದಳು, ಅಷ್ಟೇ. ಆ ಒಂದು "ಹೂಂ"ಗಾಗಿ ಸೊಸೆ ಬೆರಳ ತುದಿಗಳನ್ನು ಜರಡಿ ಮಾಡಿಕೊಂಡಿದ್ದಳು. ಅತ್ತೆ ತೀರಿಹೋದ ಮೇಲೆ ಅಂಗಡಿ ಅವಳದಾಯಿತು. ಅಂಗಡಿಯೆಂದರೇನು, ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ನೆಟ್ಟಗೆ ನಿಂತರೆ ಒಳಗಡೆ ತಲೆ ತಾಗುತ್ತಿತ್ತು. ಬಾಗಿಲ ಹತ್ತಿರ ಒಂದು ಸ್ಟೂಲು, ಗೋಡೆಗೆ ನೂಲಿನ ಉಂಡೆಗಳ ಕಪಾಟು, ಒಂದು ಟೇಬಲ್ ದೀಪ. ಗಂಡ ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಮಧ್ಯಾಹ್ನದ ಹೊತ್ತು ಬಂದು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತು, ಹೋಗಿಬರುವ ಬಸ್ಸುಗಳ ಡ್ರೈವರುಗಳಿಗೆಲ್ಲ ಮಾರ್ಕು ಹಾಕುವುದು ಅವನ ಕೆಲಸ.

ಕಣ್ಣಿಗೆ ಪೊರೆ ಬಂದಿದೆ ಎಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಪೊರೆ ಬರುವ ರೀತಿಯೇ ಹಾಗೆ, ಬಾಗಿಲು ತಟ್ಟಿ ಬರುವುದಿಲ್ಲ. ಬೆಳಕು ಸಾಲದು ಎಂದು ದೀಪ ಬದಲಾಯಿಸಿದಳು. ಕನ್ನಡಕದ ಗಾಜು ಗೀರಾಗಿದೆ ಎಂದು ಗಾಜು ಬದಲಾಯಿಸಿದಳು. ಕೊನೆಗೆ ಒಂದು ದಿನ ಸೂಜಿಯ ಕಣ್ಣು ಸಿಗದೆ, ನೂಲನ್ನು ಗಾಳಿಗೆ ಪೋಣಿಸುತ್ತಾ ಕೂತದ್ದನ್ನು ಗಂಡ ನೋಡಿದ. "ನಡಿ ಆಸ್ಪತ್ರೆಗೆ" ಎಂದ.

ಡಾಕ್ಟರಮ್ಮ ಎರಡೂ ಕಣ್ಣು ನೋಡಿ, ಮೊದಲು ಬಲಗಣ್ಣು, ಅದು ಸರಿಹೋದ ಮೇಲೆ ಎಡಗಣ್ಣು ಎಂದು ತೀರ್ಮಾನಿಸಿದರು. ಆಪರೇಷನ್ ಸುಸೂತ್ರವಾಗಿಯೇ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ರಫೂ ಅಕ್ಕ ಮೊದಲು ಕಂಡದ್ದು ಡಾಕ್ಟರಮ್ಮನ ಕೋಟು. ಅಂಥ ಬಿಳಿಯನ್ನು ಅವಳು ಎಂದೂ ಕಂಡಿದ್ದಿಲ್ಲ ಎನಿಸಿತು. ಒಳಗಿನಿಂದ ಯಾರೋ ನೀಲಿ ದೀಪ ಹಚ್ಚಿಟ್ಟ ಹಾಗಿತ್ತು.

"ಏನಮ್ಮ, ಕಾಣ್ತಿದೆಯಾ?"

"ಕಾಣ್ತಿದೆ. ಸ್ವಲ್ಪ ಜಾಸ್ತಿನೇ ಕಾಣ್ತಿದೆ."

ಡಾಕ್ಟರಮ್ಮ ನಕ್ಕರು. ರಫೂ ಅಕ್ಕ ನಗಲಿಲ್ಲ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದಳು. ಅದೇ ಕೋಟು ಹಳೇ ಪೇಪರಿನ ಹಾಗೆ ಹಳದಿಯಾಯಿತು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದಳು. ಮತ್ತೆ ಬಿಳಿ. ಹೀಗೆ ಮುಚ್ಚಿ ತೆರೆದು, ಮುಚ್ಚಿ ತೆರೆದು ಮಾಡುತ್ತಿದ್ದವಳನ್ನು ನೋಡಿ, ಪಕ್ಕದ ಬೆಂಚಿನಲ್ಲಿದ್ದ ಮುದುಕರು ತಮಗೇ ಕಣ್ಣು ಹೊಡೆಯುತ್ತಿದ್ದಾಳೆಂದು ತಿಳಿದು ಗಲಿಬಿಲಿಯಾಗಿ ಆಚೆ ತಿರುಗಿಕೊಂಡರು.

"ಡಾಕ್ಟ್ರೇ, ಇದರಲ್ಲಿ ಯಾವುದು ನಿಜ?"

"ಬಲಗಡೆದೇ. ಎಡಗಡೆಯದು ಪೊರೆ. ಇಷ್ಟು ದಿನ ನೀವು ಹಳದಿ ಗಾಜಿನ ಮೂಲಕ ನೋಡ್ತಿದ್ರಿ ಅಂದ್ಕೊಳ್ಳಿ."

"ಎಷ್ಟು ದಿನದಿಂದ?"

"ಅದನ್ನ ಹೇಳೋದು ಕಷ್ಟ. ನಿಧಾನವಾಗಿ ಬಂದಿರುತ್ತೆ. ಕೆಲವು ವರ್ಷ ಆಗಿರಬಹುದು."

ಕೆಲವು ವರ್ಷ ಎಂದ ಕೂಡಲೇ ರಫೂ ಅಕ್ಕನ ಎದೆ ಧಸಕ್ಕೆಂದಿತು. ಆದರೆ ಯಾಕೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಮನೆಗೆ ಬಂದು ಅಡುಗೆಮನೆಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆಗಳೆಲ್ಲ ತಿಳಿ ನೇರಳೆಯಾಗಿದ್ದವು.

"ರೀ, ನಾನಿಲ್ಲದಾಗ ಗೋಡೆಗೆ ಬಣ್ಣ ಹೊಡೆಸಿದ್ರಾ?"

"ಒಂದೇ ದಿನಕ್ಕಾ? ಹುಚ್ಚಾ ನಿನಗೆ?"

"ಮತ್ತೆ ಇದೇನಿದು ನೇರಳೆ?"

ಗಂಡ ಗೋಡೆಯನ್ನೂ ಹೆಂಡತಿಯನ್ನೂ ಸರದಿಯ ಮೇಲೆ ನೋಡಿದ. "ನೇರಳೆನೇ ಅಲ್ವಾ ಇದು? ನೀನೇ ಹೋಗಿ ಆರಿಸಿಕೊಂಡು ಬಂದೆಯಲ್ಲ."

"ನಾನು ಆರಿಸಿದ್ದು ಬೂದಿ ಬಣ್ಣ!"

"ಬೂದಿ? ಮೊದಲ ದಿನದಿಂದ ಇದು ನೇರಳೆನೇ ಕಣೇ. ಅಡುಗೆಮನೆಗೆ ಇದೇನು ಬಣ್ಣ ಅಂತ ನನಗೂ ಅನ್ನಿಸಿತ್ತು. ನಿನಗೆ ಇಷ್ಟ ಅಂತ ಸುಮ್ಮನಿದ್ದೆ."

"ನನಗೆ ಇಷ್ಟ ಅಂತ ಯಾರು ಹೇಳಿದ್ರು ನಿಮಗೆ?"

"ನೀನೇ ದಿನಾ ಹೇಳ್ತಿದ್ದೆಯಲ್ಲ, ಈ ಗೋಡೆ ನೋಡಿದ್ರೆ ಕಣ್ಣಿಗೆ ತಂಪು ಅಂತ!"

ಅದೂ ನಿಜವೇ. ಹೇಳಿದ್ದಳು. ಬೂದಿಯೆಂದುಕೊಂಡು ಅವಳು ಮೆಚ್ಚಿದ್ದು, ನೇರಳೆಯೆಂದುಕೊಂಡು ಅವನು ಸಹಿಸಿದ್ದು, ಇಬ್ಬರೂ ಅದೇ ಗೋಡೆಯ ಮುಂದೆ ಕೂತು ಇಷ್ಟು ಕಾಲ ಚಹಾ ಕುಡಿದದ್ದು. "ಬೇಕಾದ್ರೆ ನಾಳೆನೇ ಬೇರೆ ಬಣ್ಣ ಹೊಡೆಸೋಣ" ಎಂದ ಗಂಡ. ಈಗ ತನಗೆ ಈ ಗೋಡೆ ಇಷ್ಟವೋ ಇಲ್ಲವೋ ಅವಳಿಗೇ ತಿಳಿಯುತ್ತಿರಲಿಲ್ಲ.

ಬಣ್ಣದ ಕಥೆ ಹೀಗಾದರೆ, ದೂರ ಹತ್ತಿರದ ಲೆಕ್ಕವೂ ತಪ್ಪಿತ್ತು. ಒಂದು ಕಣ್ಣು ಒಂದು ದಾರಿ, ಇನ್ನೊಂದು ಕಣ್ಣು ಇನ್ನೊಂದು ದಾರಿ ಹಿಡಿದಿದ್ದವು. ಲೋಟಕ್ಕೆ ಚಹಾ ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಬಾಗಿಲ ಚಿಲಕ ಹಿಡಿಯಲು ಹೋದ ಕೈ ಗಾಳಿ ಹಿಡಿದು ವಾಪಸ್ಸು ಬರುತ್ತಿತ್ತು. ಅದೇ ಹೊತ್ತಿಗೆ, ಹಿಂದೆಂದೂ ಕಾಣದ ಸಂಗತಿಗಳು ಬಲಗಣ್ಣಿನ ಮುಂದೆ ನುಗ್ಗಿ ಬರುತ್ತಿದ್ದವು. ಒಗೆದು ಹರವಿದ ಬಿಳಿ ಚಾದರದ ಮಡಿಕೆಗಳಲ್ಲಿ ನೆರಳು ಬಿದ್ದಿತ್ತು, ಆ ನೆರಳು ನೀಲಿಯಾಗಿತ್ತು. ನೀಲಿ ನೀರು ಹಿಡಿದಿದೆಯೇನೋ ಎಂದು ಚಾದರವನ್ನು ಮತ್ತೆ ತಿಕ್ಕಿಸಿ ಒಗೆಸಿ ಹಾಕಿಸಿದಳು. ಒಣಗಿದ ಮೇಲೂ ನೆರಳು ನೀಲಿಯೇ.

ಸ್ವಲ್ಪ ದಿನ ಸೂಜಿ ಹಿಡಿಯಬಾರದೆಂದು ಡಾಕ್ಟರಮ್ಮ ಹೇಳಿದ್ದರು. ಅಂಗಡಿಯನ್ನು ನೋಡಬಾರದೆಂದೇನೂ ಹೇಳಿರಲಿಲ್ಲ. ಕೈಕಾಲು ಕಟ್ಟಿಹಾಕಿದಂತಾಗಿ ಒಂದು ಬೆಳಿಗ್ಗೆ ಗಂಡನ ತೋಳು ಹಿಡಿದುಕೊಂಡು ಅಂಗಡಿಗೆ ಹೋಗಿ ಬಾಗಿಲು ತೆಗೆಸಿದಳು. ಕಪಾಟಿನಲ್ಲಿ ಕಪ್ಪು ನೂಲಿನ ಉಂಡೆಗಳ ಸಾಲಿನಲ್ಲಿ ಅರ್ಧಕ್ಕರ್ಧ ಗಾಢ ನೀಲಿ ಕೂತಿದ್ದವು. ಬಿಳಿಯ ಸಾಲಿನಲ್ಲಿ ಕೆನೆ ಬಣ್ಣದವು. ಜೋಡಿಸಿಟ್ಟವಳು ಅವಳೇ. ಆಗ, ಆಸ್ಪತ್ರೆಯಲ್ಲಿ ಎದೆ ಧಸಕ್ಕೆಂದದ್ದು ಯಾಕೆ ಎಂಬುದು ಹೊಳೆಯಿತು. ಇಷ್ಟು ದಿನ ಹಾಕಿದ ರಫೂಗಳ ಗತಿಯೇನು?

ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. "ರೀ, ನಾನು ಹಾಕಿದ್ದೆಲ್ಲ ಕಾಣ್ತಿರುತ್ತೆ."

"ಏನು ಕಾಣ್ತಿರುತ್ತೆ?"

"ಕಪ್ಪು ನೂಲಲ್ಲಿ ನೀಲಿ ಕೋಟು ರಫೂ ಮಾಡಿರ್ತೀನಿ. ಊರ ತುಂಬ ಜನ ಅದನ್ನ ಹಾಕ್ಕೊಂಡು ಓಡಾಡ್ತಿದಾರೆ."

"ಯಾರಾದ್ರೂ ಬಂದು ಜಗಳ ಆಡಿದ್ರಾ?"

"ಇಲ್ಲ."

"ಮತ್ತೆ?"

ಯಾರೂ ಜಗಳಕ್ಕೆ ಬಂದಿರಲಿಲ್ಲ. ಅದೇ ಅವಳನ್ನು ಕಂಗೆಡಿಸಿದ್ದು.

ಹಾಕಿದ ರಫೂಗಳನ್ನು ಹೊಸ ಕಣ್ಣಲ್ಲಿ ನೋಡಿಬರಲು ಮೊದಲು ಹೋದದ್ದು ಡ್ರಾಯಿಂಗ್ ಮೇಷ್ಟ್ರ ಮನೆಗೆ. ಹಿಂದಿನ ಬೀದಿಯಲ್ಲೇ ಇದ್ದ ಅವರು, ಶಾಲೆಯ ಕೆಲಸ ಬಿಟ್ಟ ಮೇಲೂ ಅದೇ ಹಳೇ ಕಂದು ಕೋಟು ಬಿಟ್ಟಿರಲಿಲ್ಲ. ಅದರ ಮೊಣಕೈಗೆ ರಫೂ ಹಾಕಿದವಳು ಇವಳೇ. ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಲಗಣ್ಣಲ್ಲಿ ನೋಡಿದಳು. ನೇಯ್ಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಬಣ್ಣ ಬೇರೆ. ಕಂದು ಕೋಟಿನ ಮೊಣಕೈಯಲ್ಲಿ ಒಂದು ಹಸಿರು ಎಲೆ ಅಂಟಿಕೊಂಡಂತಿತ್ತು.

"ಮೇಷ್ಟ್ರೇ, ಇದು ನಿಮಗೆ ಕಾಣ್ತಿತ್ತಾ?"

"ಕಾಣದೆ ಏನು? ತಂದ ದಿನವೇ ಕಂಡಿತು."

"ಅಯ್ಯೋ, ಮತ್ತೆ ಯಾಕೆ ಹೇಳಲಿಲ್ಲ?"

ಮೇಷ್ಟ್ರು ಗಡ್ಡ ಕೆರೆದುಕೊಂಡರು. "ನೀವು ಬೇಕಂತಲೇ ಹಾಕಿದೀರಿ ಅಂದ್ಕೊಂಡೆ. ಕಂದಿನ ಪಕ್ಕ ಆ ಹಸಿರು ಎಷ್ಟು ಚೆನ್ನಾಗಿ ಕೂತಿದೆ ಅಂತ ನಾನೇ ನಾಲ್ಕು ಜನಕ್ಕೆ ತೋರಿಸಿದೀನಿ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೇಗೂ ಬಂದದ್ದಾಯಿತಲ್ಲ ಎಂದು ನೀಲಿ ನೆರಳಿನ ಸಂಗತಿಯನ್ನೂ ಕೇಳಿದಳು. ಕೇಳಿದ್ದೇ ತಡ, ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು.

"ನೆರಳು ಕಪ್ಪಲ್ಲ ಅಂತ ಶಾಲೆಯಲ್ಲಿ ಬಡ್ಕೊಂಡು ಬಡ್ಕೊಂಡು ನನ್ನ ಗಂಟಲು ಹೋಯ್ತಮ್ಮ! ಒಬ್ಬರೂ ನಂಬಲಿಲ್ಲ. ಎಲ್ಲರೂ ಪೆನ್ಸಿಲ್ ತಗೊಂಡು ಕಪ್ಪಗೆ ಗೀಚೋರೇ. ನಿಮಗೆ ತಾನಾಗೇ ಕಾಣ್ತಿದೆ ನೋಡಿ!"

"ಕಾಣ್ತಿರೋದೇ ನನ್ನ ತೊಂದರೆ, ಮೇಷ್ಟ್ರೇ. ಕಾಣದ ಹಾಗೆ ಮಾಡೋದು ಹೇಗೆ ಹೇಳಿ."

ಮೇಷ್ಟ್ರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಉತ್ಸಾಹ ಬಂದುಬಿಟ್ಟಿತ್ತು. ಲೋಕದಲ್ಲಿ ಇರುವುದೆಲ್ಲ ಗೆರೆ, ಆಕಾರ, ಬಣ್ಣ, ಬೆಳಕು ನೆರಳು, ಮುಟ್ಟಿದರೆ ಒರಟೋ ನುಣುಪೋ ಎನ್ನುವ ಮೈ, ಆಮೇಲೆ ಇವುಗಳ ನಡುವಿನ ಜಾಗ, ಇಷ್ಟೇ ಎಂದರು. ಕುರ್ಚಿಯನ್ನು ತೋರಿಸಿ, "ಇದರಲ್ಲಿ ಏನು ಕಾಣುತ್ತೆ?" ಎಂದು ಕೇಳಿದರು.

"ಕುರ್ಚಿ."

"ಕುರ್ಚಿ ಬಿಡಿ. ಕಾಲುಗಳ ನಡುವೆ ಖಾಲಿ ಇದೆಯಲ್ಲ, ಅದನ್ನ ನೋಡಿ. ಅದಕ್ಕೂ ಒಂದು ಆಕಾರ ಇದೆ. ಅದನ್ನ ಸರಿಯಾಗಿ ನೋಡಿದ್ರೆ ಕುರ್ಚಿ ತಾನೇ ಬರುತ್ತೆ."

"ಬಟ್ಟೆ ಬಿಟ್ಟು ತೂತು ನೋಡು ಅಂದ ಹಾಗಾಯ್ತು."

"ಹಾಂ! ಅದೇ! ಅದೇ!" ಎಂದು ಮೇಷ್ಟ್ರು ಕೂಗಿದರು. ಮತ್ತೆ ಕುರ್ಚಿಯತ್ತ ಬಗ್ಗಿ ನೋಡಿ, "ಅದೇನಾ? ಅದೇ ಇರಬೇಕು. ನಾನೂ ಯೋಚನೆ ಮಾಡಬೇಕು" ಎಂದರು.

ಆ ಸಂಜೆ ಗಂಡ ಬ್ರೆಡ್ಡು ತಿನ್ನುತ್ತಿದ್ದಾಗ ರಫೂ ಅಕ್ಕ ಅವನ ಕಿವಿಯ ಪಕ್ಕಕ್ಕೆ ಕಣ್ಣು ನೆಟ್ಟು ಕೂತಳು. ಅವನು ತಲೆ ಆಡಿಸಿದ, ಕಿವಿ ಒರೆಸಿಕೊಂಡ, ಕೊನೆಗೆ ತಾಳಲಾರದೆ ಕೇಳಿಯೇಬಿಟ್ಟ.

"ಏನೇ ಅದು, ಹಾಗೆ ನೋಡ್ತೀಯ?"

"ನಿಮ್ಮನ್ನಲ್ಲ. ನಿಮ್ಮ ಕಿವಿಗೂ ಭುಜಕ್ಕೂ ನಡುವೆ ಖಾಲಿ ಇದೆಯಲ್ಲ, ಅದನ್ನ ನೋಡ್ತಿದೀನಿ."

"ಮದುವೆಯಾದ ಇಷ್ಟು ವರ್ಷಕ್ಕೆ ನನ್ನನ್ನ ಬಿಟ್ಟು ಖಾಲಿ ನೋಡೋ ಹಾಗಾಯ್ತಾ!"

ಅವಳು ನಕ್ಕಳು. ಆದರೆ ಒಳಗೊಳಗೇ ಹೆದರಿದ್ದಳು. ಆ ಖಾಲಿ ಜಾಗ ಅವಳಿಗೆ ನಿಜವಾಗಿಯೂ ಕಂಡಿತ್ತು, ಕತ್ತರಿಸಿ ಇಟ್ಟ ಬಟ್ಟೆಯ ತುಂಡಿನ ಹಾಗೆ ಅಂಚು ಸಮೇತ. ಗಂಡನ ಭುಜ ಯಾವಾಗ ಇಷ್ಟು ಇಳಿಜಾರಾಯಿತು ಎಂಬುದೂ ಅದರಿಂದಲೇ ಗೊತ್ತಾಯಿತು. ಇದನ್ನು ತಾನು ದಿನವೂ ನೋಡುತ್ತಿದ್ದೆನೇ, ನೋಡುತ್ತಲೇ ಇರಲಿಲ್ಲವೇ? ನೋಡದೆ ಇದ್ದರೂ ಸಂಸಾರ ಸಾಗುತ್ತಿತ್ತಲ್ಲ?

ಮಾರನೇ ದಿನ ಹಾಲಿನ ಅಂಗಡಿಯವಳ ಬಿಳಿ ಶಾಲು. ಎದೆಯ ಮೇಲೇ ಕೆನೆ ಬಣ್ಣದ ಚೌಕ, ಚಹಾ ಚೆಲ್ಲಿದ ಕಲೆಯ ಹಾಗೆ. ರಫೂ ಅಕ್ಕ ಕ್ಷಮೆ ಕೇಳಿ, ಬಿಚ್ಚಿ ಹೊಸದಾಗಿ ಹಾಕಿಕೊಡುತ್ತೇನೆ ಎಂದಳು.

"ಎಲ್ಲಿ?" ಎಂದಳು ಹಾಲಿನವಳು.

"ಇಲ್ಲಿ ನೋಡಮ್ಮ."

"ಎಲ್ಲಿ?"

ರಫೂ ಅಕ್ಕ ಬೆರಳಿಟ್ಟು ಸುತ್ತ ಗೆರೆ ಎಳೆದು ತೋರಿಸಿದಳು. ಹಾಲಿನವಳು ಮೂಗು ತಾಗುವಷ್ಟು ಬಗ್ಗಿ ನೋಡಿ, "ಏನೂ ಇಲ್ಲವಲ್ಲಕ್ಕ. ನಿಮ್ಮ ಕಣ್ಣಿಗೆ ಏನಾದ್ರೂ ಆಗಿದೆಯಾ?" ಎಂದು ಕನಿಕರದಿಂದ ಕೇಳಿದಳು. ಹಾಲಿನವಳದು ಚುರುಕು ಕಣ್ಣು. ಬೀದಿಯ ಆ ತುದಿಯಲ್ಲಿ ಬೆಕ್ಕು ಬಂದರೆ ಇಲ್ಲಿಂದಲೇ ಗದರುವವಳು. ರಫೂ ಅಕ್ಕ ಹಾಲನ್ನು ತೆಗೆದುಕೊಳ್ಳುವುದನ್ನೂ ಮರೆತು ಹೊರಟುಬಂದಳು.

ಕೊನೆಗೆ ದೊಡ್ಡ ಹೋಟೆಲಿನ ಮ್ಯಾನೇಜರ್. ಅವನ ನೀಲಿ ಕೋಟಿನ ಹಿಂಬದಿಯ ರಫೂವಂತೂ ಅವಳ ಪಾಲಿಗೆ ನುಂಗಲಾರದ ತುತ್ತಾಗಿತ್ತು. ಬೆನ್ನು ತಿರುಗಿಸಿದ ಕೂಡಲೇ ಅಚ್ಚ ಕಪ್ಪು, ಕಿಟಕಿಯೊಂದು ತೆರೆದಂತೆ ಕಂಡಿತು. ಅಲ್ಲೇ ಹೋಟೆಲಿನ ಹಜಾರದಲ್ಲಿ ನಿಂತು, "ದಯವಿಟ್ಟು ಬಿಚ್ಚಿಕೊಡಿ, ಇವತ್ತೇ ನೂಲು ಹೊಂದಿಸಿಡ್ತೀನಿ" ಎಂದಳು.

ಮ್ಯಾನೇಜರ್ ಕೋಟನ್ನು ಎರಡು ಕೈಯಲ್ಲೂ ಹಿಡಿದುಕೊಂಡ. "ಬೇಡಮ್ಮ, ಬೇಡ. ಅದನ್ನ ಮುಟ್ಟಬೇಡಿ."

"ಕಾಣುತ್ತೆ ಸಾರ್."

"ಕಾಣಲಿ. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಇದೇ ಕೋಟು, ಇದೇ ಬಣ್ಣ. ಮೊದಲೆಲ್ಲ ದಿನಾ ಯಾರದ್ದೋ ಕೋಟು ಯಾರೋ ಹಾಕ್ಕೊಂಡು ರಂಪ ಆಗ್ತಿತ್ತು. ನೀವು ಆ ಗುರುತು ಹಾಕಿಕೊಟ್ಟ ಮೇಲೆ ನನ್ನದನ್ನ ಯಾರೂ ಮುಟ್ಟಲ್ಲ. ನಿಜ ಹೇಳಬೇಕಂದ್ರೆ ಇನ್ನೂ ಇಬ್ಬರು ಹುಡುಗರು ತಮ್ಮದಕ್ಕೂ ಅಂಥದ್ದೇ ಹಾಕಿಸಬೇಕು ಅಂತಿದ್ರು."

"ಅದು ಗುರುತಲ್ಲ ಸಾರ್. ತಪ್ಪು."

"ಇರಲಿ ಬಿಡಿ, ಚೆನ್ನಾಗಿದೆ" ಎಂದು ಮ್ಯಾನೇಜರ್ ಯಾರೋ ಕರೆದರೆಂದು ಓಡಿದ. ಅವನ ಬೆನ್ನ ಮೇಲಿನ ಕಪ್ಪು ಕಿಟಕಿ ಜನರ ನಡುವೆ ದೂರದವರೆಗೂ ಕಾಣುತ್ತಾ ಹೋಯಿತು.

ಅವಳು ಹೋಟೆಲಿನ ಮೆಟ್ಟಿಲಿಳಿಯುತ್ತಿದ್ದಳು. ತಲೆಯಲ್ಲಿ ಒಂದೇ ಸಮನೆ ಗಿರಣಿ ತಿರುಗುತ್ತಿತ್ತು. ಕಂಡವರು ಚೆಂದವೆನ್ನುತ್ತಾರೆ, ತೋರಿಸಿದರೂ ಒಬ್ಬಳಿಗೆ ಕಾಣುವುದಿಲ್ಲ, ಕಂಡ ಇನ್ನೊಬ್ಬನಿಗೆ ಅದೇ ಬೇಕು. ಹಾಗಾದರೆ ಅತ್ತೆ ಬೆಳಕಿಗೆ ಹಿಡಿದು ಹಿಡಿದು ಬಿಚ್ಚಿಹಾಕಿದ್ದೆಲ್ಲ ಯಾರಿಗಾಗಿ? ಬೆರಳು ಚುಚ್ಚಿಕೊಂಡದ್ದು ಯಾರಿಗಾಗಿ? ಮೆಟ್ಟಿಲುಗಳ ಅಂಚಿಗೆ ಬಿಸಿಲು ಬಿದ್ದು, ಬಿಳಿ ಪಟ್ಟಿ ನೀಲಿ ಪಟ್ಟಿ, ಬಿಳಿ ಪಟ್ಟಿ ನೀಲಿ ಪಟ್ಟಿಯಾಗಿ ಹರವಿದ ಬಟ್ಟೆಯ ಹಾಗೆ ಕಂಡಿತು. ಎಷ್ಟು ಚೆಂದ ಎಂದುಕೊಂಡು ಕಾಲಿಟ್ಟಳು. ಮೆಟ್ಟಿಲಿದೆಯೆಂದು ಇಟ್ಟ ಕಡೆ ಮೆಟ್ಟಿಲಿರಲಿಲ್ಲ.

ಕೆಳಗೆ ಕಾಯುತ್ತಿದ್ದ ಗಂಡ ಓಡಿಬಂದು ಹಿಡಿದ. ಹಿಡಿದ ರಭಸಕ್ಕೆ ಇಬ್ಬರೂ ಮೆಟ್ಟಿಲ ಮೇಲೇ ಧೊಪ್ಪನೆ ಕೂತರು. ಪೆಟ್ಟೇನೂ ಆಗಲಿಲ್ಲ. ಆದರೆ ಹಿಡಿದ ತೋಳನ್ನು ಗಂಡನ ಕೈ ಬಿಡಲಿಲ್ಲ. ಇಡೀ ಬಸ್ಸನ್ನು ಇಕ್ಕಟ್ಟಿನ ಗಲ್ಲಿಯಲ್ಲಿ ಹಿಂದಕ್ಕೆ ತೆಗೆದವನ ಕೈ ಅದು.

"ನಾಳೆನೇ ಇನ್ನೊಂದು ಕಣ್ಣಿಗೆ ದಿನ ಗೊತ್ತು ಮಾಡಿಸೋಣ" ಎಂದ.

"ಬೇಡ."

"ಏನು ಬೇಡ? ಬಿದ್ದು ಸೊಂಟ ಮುರ್ಕೊಂಡ್ರೆ?"

"ಈ ಕಣ್ಣೂ ಸರಿಹೋದ್ರೆ, ಹಳೇದು ಹೇಗಿತ್ತು ಅಂತ ನೋಡೋಕೆ ನನಗೆ ಏನೂ ಉಳಿಯಲ್ಲರೀ. ಅತ್ತೆ ಇದ್ದಾಗಿನ ಅಂಗಡಿ, ನಮ್ಮನೆ ಗೋಡೆ, ನಿಮ್ಮ ಮುಖ, ಎಲ್ಲ ನಾನು ನೋಡಿದ್ದು ಈ ಕಣ್ಣಲ್ಲೇ."

"ಅಮ್ಮ ಇದ್ದಾಗ ನಿನಗೆಲ್ಲಿ ಪೊರೆ ಇತ್ತು?"

ಅವಳು ಯೋಚಿಸಿದಳು. ಇರಲಿಲ್ಲ, ಅಲ್ಲವೇ? ಆಗ ಅವಳಿನ್ನೂ ಎಳೆಯವಳು. ಹಾಗಾದರೆ ಆಗ ನೋಡಿದ್ದು ಈ ಬಿಳಿಯೋ ಆ ಬಿಳಿಯೋ? ಅಂಗಡಿಯಲ್ಲಿ ಅತ್ತೆ ಕೂತಿದ್ದು ನೆನಪಿಗೆ ಬಂತು, ಬೆಳಕಿಗೆ ಹಿಡಿದ ಬಟ್ಟೆಯೂ ನೆನಪಿಗೆ ಬಂತು. ಅದರ ಬಣ್ಣ ಮಾತ್ರ ಎಷ್ಟು ಕೆದಕಿದರೂ ಬರಲಿಲ್ಲ. "ನನಗೆ ಒಂದೂ ಗೊತ್ತಾಗ್ತಿಲ್ಲ ಕಣ್ರೀ" ಎಂದಳು. ಗಂಡ ತಾನು ಎದ್ದು ನಿಂತ. ಅವಳ ಕೈ ಹಿಡಿದು ಎಬ್ಬಿಸಿದ, ಒಂದೊಂದೇ ಮೆಟ್ಟಿಲಿಗೂ "ಇಲ್ಲಿ... ಇಲ್ಲಿ..." ಎಂದು ಹೇಳುತ್ತಾ ಇಳಿಸಿದ.

ಬೇಡವೆಂದರೂ, ಮತ್ತೆ ಬಿದ್ದರೆ ಎಂಬ ಭಯಕ್ಕೆ ಎರಡನೇ ಆಪರೇಷನ್ನೂ ಆಯಿತು. ಹೋಗುವ ಹಿಂದಿನ ದಿನ ಅವಳು ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ಮನೆಯನ್ನೆಲ್ಲ ಎಡಗಣ್ಣೊಂದರಲ್ಲೇ ಸುತ್ತಿ ನೋಡಿ ಬಂದಳು. ಗಂಡ ಹಿಂದೆಯೇ ಸುತ್ತಿದ. ಪಟ್ಟಿ ಬಿಚ್ಚಿದ ಮೇಲೆ ಎರಡು ಕಣ್ಣಿನ ಬಿಳಿಯೂ ಒಂದೇ ಆಯಿತು. ಚಹಾ ಲೋಟದೊಳಗೇ ಬಿತ್ತು, ಚಿಲಕ ಕೈಗೆ ಸಿಕ್ಕಿತು. ಒಂದು ವಾರದೊಳಗೆ ಆ ಬಿಳಿ ಅಷ್ಟೊಂದು ಬಿಳಿ ಅನಿಸುವುದೂ ನಿಂತುಹೋಯಿತು. ನೆರಳಿನ ನೀಲಿ ಕಾಣಬೇಕಾದರೆ ಈಗ ನಿಂತು, ಬೇಕೆಂದೇ ನೋಡಬೇಕಿತ್ತು. ಕಣ್ಣು ಮತ್ತೆ ಮಂಜಾಯಿತೇ ಎಂದು ಡಾಕ್ಟರಮ್ಮನನ್ನು ಕೇಳಿದಳು. "ಇಲ್ಲಮ್ಮ, ಅಭ್ಯಾಸ ಆಯ್ತು ಅಷ್ಟೆ" ಎಂದರು ಅವರು. ಅಭ್ಯಾಸವೆನ್ನುವುದೂ ಒಂದು ಬಗೆಯ ಪೊರೆಯೇ ಇರಬಹುದೇನೋ ಎಂದು ಅವಳಿಗೆ ಅನುಮಾನವಾಯಿತು.

ಸೂಜಿ ಹಿಡಿಯಲು ಅನುಮತಿ ಸಿಕ್ಕ ದಿನ ಅಂಗಡಿ ತೆಗೆದಳು. ನೂಲಿನ ಉಂಡೆಗಳನ್ನು ಕೆಳಗೆ ಸುರಿದು, ಬಾಗಿಲ ಬೆಳಕಿನಲ್ಲಿ ಒಂದೊಂದನ್ನೂ ಮತ್ತೆ ಸಾಲು ಹಚ್ಚಿದಳು. ಗಂಡ ಆಚೆ ಕುರ್ಚಿಯಲ್ಲಿ ಕೂತು ಒಂದು ಬಸ್ಸಿನ ಡ್ರೈವರನಿಗೆ ಬೈಯುತ್ತಿದ್ದ. ಅಷ್ಟರಲ್ಲಿ ಒಬ್ಬ ನರ್ಸಮ್ಮ ಬಂದಳು. ಕೈಯಲ್ಲಿ ಬೂದುಬಣ್ಣದ ಉಣ್ಣೆ ಕೋಟು. ತೋಳಿನ ಹತ್ತಿರ ಬಾಗಿಲ ಕೊಕ್ಕೆಗೆ ಸಿಕ್ಕಿ ಹರಿದಿತ್ತು.

ರಫೂ ಅಕ್ಕ ಕೋಟನ್ನು ತೊಡೆಯ ಮೇಲೆ ಹರವಿದಳು. ಮೊದಲೆಲ್ಲ ಬೂದುಬಣ್ಣವೆಂದರೆ ಬೂದು ನೂಲು, ಮಾತು ಮುಗಿಯಿತು. ಈಗ ಆ ಬೂದಿನೊಳಗೆ ನೀಲಿ ಎಳೆ ಕಂಡಿತು, ಕಂದು ಎಳೆ ಕಂಡಿತು, ಇನ್ನೊಂದಕ್ಕೆ ಅವಳಲ್ಲಿ ಹೆಸರೇ ಇರಲಿಲ್ಲ. ಬೆರಳಾಡಿಸಿದಳು. ಉಣ್ಣೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಹರಿದ ಜಾಗದ ಆಕಾರ ನೋಡಿದಳು. ಮೂರು ಮೂಲೆ. ಸೂಜಿಗೆ ನೂಲು ಪೋಣಿಸಿದಳು, ಒಂದೇ ಸಲಕ್ಕೆ ಹೋಯಿತು. ಆದರೂ ಕೈ ಮುಂದೆ ಹೋಗಲಿಲ್ಲ.

"ಯಾವಾಗ ಬರಲಿ ಅಕ್ಕ?" ಎಂದಳು ನರ್ಸಮ್ಮ.

"ನಾಳೆ ಬಾಮ್ಮ. ಆದರೆ ಒಂದು ಮಾತು ಕೇಳ್ತೀನಿ. ರಫೂ ಕಾಣಬೇಕಾ, ಕಾಣಬಾರದಾ?"

ಇಂಥ ಪ್ರಶ್ನೆಯನ್ನು ಆ ಅಂಗಡಿಯಲ್ಲಿ ಅಲ್ಲಿಯವರೆಗೆ ಯಾರೂ ಯಾರನ್ನೂ ಕೇಳಿರಲಿಲ್ಲ. ಆಚೆ ಬೈಯುತ್ತಿದ್ದ ಗಂಡನೂ ಬಾಯಿ ನಿಲ್ಲಿಸಿ ಇತ್ತ ತಿರುಗಿದ.

"ಹಾಗಂದ್ರೇನಕ್ಕ?" ಎಂದಳು ನರ್ಸಮ್ಮ.

"ನನಗೂ ಸರಿಯಾಗಿ ಗೊತ್ತಿಲ್ಲಮ್ಮ" ಎಂದಳು ರಫೂ ಅಕ್ಕ. "ಸ್ವಲ್ಪ ಕೂತ್ಕೋ. ಇಬ್ಬರೂ ಸೇರಿ ಬೆಳಕಲ್ಲಿ ನೋಡೋಣ."

ನರ್ಸಮ್ಮ ಗಡಿಯಾರ ನೋಡಿಕೊಂಡಳು, ಬೀದಿ ನೋಡಿದಳು, ಆಮೇಲೆ ತಲೆ ತಗ್ಗಿಸಿಕೊಂಡು ಮೆಟ್ಟಿಲ ಕೆಳಗೆ ಒಳಗೆ ಬಂದಳು.